ಬೀಡಿ ಕಟ್ಟಿದವರಿಗೆ ಉಂಟು, ಅಡಿಕೆ ಸುಲಿದವರಿಗೆ ಇಲ್ಲ

ನಾಲ್ಕು ಮಂದಿ ಕೃಷಿಕರು ಸೇರಿದರೆ ಮಾತು ಕೊನೆಗೆ ಬಂದು ನಿಲ್ಲುವುದು ಆಳಿನ ಸಮಸ್ಯೆಯಲ್ಲೇ. 'ಎಷ್ಟು ಕೊಟ್ಟರೂ ಜನ ಬರುವುದಿಲ್ಲ ಮಾರಾಯ್ರೆ' ಎಂದು ಒಬ್ಬರು. 'ಈ ಯೂನಿಯನ್‌ನವರೇ ಎಲ್ಲ ಹಾಳು ಮಾಡಿದ್ದು' ಎಂದು ಇನ್ನೊಬ್ಬರು. ಎರಡನೆಯ ಮಾತನ್ನು ಸ್ವಲ್ಪ ಯೋಚಿಸಿ ಆಡಬೇಕೆಂದು ನನ್ನ ಅಭಿಪ್ರಾಯ.

ನಮ್ಮ ದಕ್ಷಿಣ ಕನ್ನಡದ ಬೀಡಿ ಕೆಲಸವನ್ನೇ ನೋಡಿ. ಹೆಂಗಸರು ಮನೆಯಲ್ಲೇ ಕೂತು ಕಟ್ಟುವ ಕಾರಣ 'ಇವರು ನಮ್ಮ ಕೆಲಸದವರೇ ಅಲ್ಲ' ಎಂದು ಮಾಲಿಕರು ಜಾರಿಕೊಳ್ಳಬಹುದಿತ್ತು. ಸಂಘಗಳು ಬಿಡಲಿಲ್ಲ. 1966ರ ಬೀಡಿ ಕಾರ್ಮಿಕರ ಕಾನೂನು ಮನೆಯಲ್ಲಿ ಕಟ್ಟುವವರನ್ನೂ ಕಾರ್ಮಿಕರೆಂದು ಒಪ್ಪಿತು. ಮಾಲಿಕರು ಕೋರ್ಟಿಗೆ ಹೋದರೂ 1974ರಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು. 1977ರಲ್ಲಿ ಪ್ರಾವಿಡೆಂಟ್ ಫಂಡ್ ಬಂತು. ಮನೆಯವರಿಗೆ ಅದು ಸಲ್ಲದು ಎಂಬ ತಕರಾರು 1985ರಲ್ಲಿ ಬಿದ್ದುಹೋಯಿತು. 1995ರಲ್ಲಿ ಪಿಂಚಣಿ ಯೋಜನೆಯೂ ಸೇರಿತು.

ಇದರಿಂದ ಆದದ್ದೇನು? ಸಾವಿರ ಬೀಡಿಗೆ ಇಷ್ಟು ಎಂದು ಸಿಕ್ಕಿದ ಮಜೂರಿ ಅಕ್ಕಿ-ಮೀನಿಗೆ ಅಂದಂದೇ ಖರ್ಚಾಯಿತು. ಉಳಿದದ್ದು ಅವಳ ಸ್ವಂತ ಹೆಸರಿನ ಫಂಡು. ಜಾಗದ ಪಟ್ಟೆಯಲ್ಲಿ ಹೆಸರಿಲ್ಲದ ಹೆಂಗಸಿಗೆ ಅದೊಂದು ಪುಸ್ತಕದಲ್ಲಾದರೂ ಹೆಸರಿತ್ತು. ಮಗಳ ಮದುವೆಗೆ, ಮನೆಗೆ ಹೆಂಚು ಹಾಕಲಿಕ್ಕೆ ಆ ದುಡ್ಡು ಬಂದ ಮನೆಗಳು ನಮ್ಮೂರಲ್ಲೇ ಉಂಟು. ಪಿಂಚಣಿ ದೊಡ್ಡದೇನಲ್ಲ; 2014ರಲ್ಲಿ ಕನಿಷ್ಠ ಮೊತ್ತ ತಿಂಗಳಿಗೆ 1000 ರೂಪಾಯಿ ಎಂದಾಯಿತು. ಆದರೆ ಕಣ್ಣು ಮಂಜಾದ ಮೇಲೆ ಮದ್ದಿಗೆ ಮಗನ ಹತ್ತಿರ ಕೈಚಾಚದೆ ಇರುವ ಸುಖ ಸಣ್ಣದಾ?

ಹಣಕ್ಕಿಂತ ಮಿಗಿಲಾದದ್ದೂ ಉಂಟು. ಪಕ್ಕದ ಕಣ್ಣೂರಿನ ಬೀಡಿ ಶಾಲೆಗಳಲ್ಲಿ ಒಬ್ಬ ಪೇಪರು ಗಟ್ಟಿಯಾಗಿ ಓದುವುದು, ಉಳಿದವರು ಕೇಳುತ್ತಾ ಕಟ್ಟುವುದು, ಓದಿದವನ ಪಾಲಿನ ಬೀಡಿಯನ್ನು ಎಲ್ಲರೂ ಸೇರಿ ತುಂಬಿಸುವುದು ಪದ್ಧತಿಯಾಗಿತ್ತು. 1966ರ ಕಾನೂನು ಜಾರಿಗೆ ಬರುವಾಗ ಅಲ್ಲಿ ಮಾಲಿಕರು ಬಾಗಿಲು ಹಾಕಿದರು. ಕೆಲಸ ಹೋದವರೇ 1969ರಲ್ಲಿ ದಿನೇಶ್ ಬೀಡಿ ಸಹಕಾರಿ ಸಂಘ ನಡೆಸಲು ಹೊರಟರು. ಲೆಕ್ಕ ಕೇಳುವ, ಸಭೆಯಲ್ಲಿ ಎದ್ದು ನಿಂತು ಮಾತಾಡುವ ಅಭ್ಯಾಸ ಕೆಲಸ ಬಿಟ್ಟರೂ ಹೋಗುವುದಿಲ್ಲ.

ಈಗ ನಮ್ಮ ತೋಟಕ್ಕೆ ಬನ್ನಿ. ಮೂವತ್ತು ವರ್ಷ ಅಡಿಕೆ ಸುಲಿದ ಅಕ್ಕನ ಹೆಸರು ಯಾವ ಪುಸ್ತಕದಲ್ಲಿ ಉಂಟು? ಮರದಿಂದ ಬಿದ್ದು ಸೊಂಟ ಮುರಿದುಕೊಂಡ ಕೊಯ್ಲಿನವನಿಗೆ ಧಣಿಯ ದಯೆ ಬಿಟ್ಟರೆ ಏನುಂಟು? ಅವರ ಮಕ್ಕಳು ತೋಟದ ಕೆಲಸ ಬೇಡವೆಂದರೆ ಸೋಮಾರಿತನ ಎಂದು ಬೈದರೆ ಆಯಿತಾ?

'ನಮಗೇ ಅಡಿಕೆಗೆ ರೇಟಿನ ಗ್ಯಾರಂಟಿ ಇಲ್ಲ' ಎನ್ನುವಿರಿ. ನಿಜ. ಆದರೆ 1973ರಲ್ಲಿ ನಾವು ಕ್ಯಾಂಪ್ಕೊ ಕಟ್ಟಿದ್ದು ಯಾಕೆ? ಒಬ್ಬೊಬ್ಬನೇ ಮೂಟೆ ಹೊತ್ತು ಹೋದರೆ ವ್ಯಾಪಾರಿ ಹೇಳಿದ್ದೇ ಕ್ರಯ ಎಂದು ತಾನೆ? ನಮಗೆ ಸರಿಯಾದದ್ದು ಆಳಿಗೆ ತಪ್ಪಾಗುವುದು ಹೇಗೆ?

ಒಂದೇ ದಿನದಲ್ಲಿ ಎಲ್ಲ ಆಗದು. ಹಾಜರಿ ಪುಸ್ತಕ ಇಡೋಣ. ಮರ ಹತ್ತುವವನಿಗೆ ಅಪಘಾತ ವಿಮೆ ಮಾಡಿಸೋಣ. ಕಾಯಂ ಬರುವವರ ಪಿಂಚಣಿ ಖಾತೆಗೆ ನಮ್ಮದೂ ಒಂದು ಪಾಲು ಹಾಕೋಣ. ಅವರು ಸಂಘ ಕಟ್ಟಿಕೊಂಡು ಬಂದರೆ ಜಗಲಿಯಲ್ಲಿ ಕೂರಿಸಿ ಮಾತಾಡೋಣ. ಮುದುಕಾದಾಗ ಕೈಯಲ್ಲಿ ನಾಲ್ಕು ಕಾಸು ಉಳಿಯುವ ಕೆಲಸ ಎಂದಾದರೆ ಜನ ತೋಟಕ್ಕೆ ಬಂದಾರು.