ಆಟ ಬಿಡಿಸೋ ಕೆಲಸ ನನಗ್ಯಾಕ?

ಹೋದ ಭಾನುವಾರ ಮುಂಜಾನೆ ಮೂಡಲಗಿಯಿಂದ ಭಾವನ ಫೋನು. ಮಳಿ, ಕಬ್ಬು, ಅವ್ವನ ಮೊಣಕಾಲು ಎಲ್ಲ ಮುಗಿದ ಮೇಲೆ ಅಸಲಿ ವಿಷಯಕ್ಕೆ ಬಂದರು. "ನೋಡಪಾ, ನಿನ್ನ ಸೊಸಿ ಪಿಯುಸಿ ಸೈನ್ಸ್ ಸೇರ್ಯಾಳ, ಇನ್ನೂ ಖೊ-ಖೊ ಹುಚ್ಚು ಬಿಟ್ಟಿಲ್ಲ. ನಮ್ಮ ಮಾತು ಕೇಳಂಗಿಲ್ಲ. ನೀ ಇಂಜಿನಿಯರ್ ಅದಿ, ನೀ ಹೇಳಿದ್ರ ಕೇಳ್ತಾಳ. ಎರಡು ವರ್ಷ ಆಟ ಬಿಡು ಅಂತ ಒಂದ್ ಮಾತು ಹೇಳಿಬಿಡು."

ಸೊಸಿ ಅಂದರೆ ನಮ್ಮ ಕಡೆ ಅಕ್ಕನ ಮಗಳು. ಹತ್ತನೇ ಕ್ಲಾಸಿನಲ್ಲಿ ಚಿಕ್ಕೋಡಿ ಶೈಕ್ಷಣಿಕ ಜಿಲ್ಲೆಯ ಖೊ-ಖೊ ತಂಡದಲ್ಲಿ ರಾಜ್ಯಮಟ್ಟಕ್ಕೆ ಹೋಗಿ ಬಂದವಳು. ಈಗ ದಿನಾ ಬಸ್ ಹತ್ತಿ ಗೋಕಾಕಿಗೆ ಹೋಗುತ್ತಾಳೆ. ಕಾಲೇಜು, ಅದರ ಬೆನ್ನಿಗೇ ಸಿಇಟಿ ಕೋಚಿಂಗು, ಮನೆ ಮುಟ್ಟುವಾಗ ದೀಪ ಹಚ್ಚುವ ಹೊತ್ತು. ಪ್ರಾಕ್ಟೀಸಿಗೆ ಹೋಗ್ತೀನಿ ಅಂದವರಿಗೆ ಸ್ಪೆಷಲ್ ಬ್ಯಾಚಿನಲ್ಲಿ ಜಾಗ ಇಲ್ಲ ಅಂತ ಕಾಲೇಜಿನವರು ಮೊದಲೇ ಹೇಳಿಬಿಟ್ಟಿದ್ದಾರೆ.

ನಾನು ಭಾವನಿಗೆ "ಹೂಂ" ಅಂದೆ. ಫೋನ್ ಇಟ್ಟ ಮೇಲೆ ಆ "ಹೂಂ" ಗಂಟಲಲ್ಲೇ ಸಿಕ್ಕಿಕೊಂಡಿತು.

ಯಾಕಂದರೆ ಈ ಮಾತನ್ನು ನಾನು ಈ ಮುಂಚೆಯೂ ಹೇಳಿದ್ದೇನೆ. ಎರಡು ವರ್ಷದ ಹಿಂದೆ ಹುಕ್ಕೇರಿ ತಾಲೂಕಿನ ನಮ್ಮ ಹೈಸ್ಕೂಲಿನವರು 'ಸಾಧಕ ಹಳೆ ವಿದ್ಯಾರ್ಥಿ' ಅಂತ ಕರೆದು ಶಾಲು ಹೊದಿಸಿ, ಕೈಗೆ ಮೈಕು ಕೊಟ್ಟರು. "ಎರಡು ವರ್ಷ ಆಟ-ಪಾಟ ಎಲ್ಲಾ ಬಂದ್ ಮಾಡ್ರಿ. ಮುಂದ ಜೀವನಪೂರ್ತಿ ಆರಾಮ ಇರ್ತದ" ಅಂದೆ. ಭರ್ಜರಿ ಚಪ್ಪಾಳೆ. ಹಿಂದಿನ ಸಾಲಿನಲ್ಲಿ ನನಗೆ ಖೊ-ಖೊ ಕಲಿಸಿದ ಪಿಟಿ ಮಾಸ್ತರು ಕೂತಿದ್ದರು. ಅವರೊಬ್ಬರು ಚಪ್ಪಾಳೆ ಹೊಡೆಯಲಿಲ್ಲ. ಕಾರ್ಯಕ್ರಮ ಮುಗಿದ ಮೇಲೆ ಚಹಾ ಕುಡಿಸಿ, "ಚೊಲೊ ಮಾತಾಡಿದಿ" ಅಂದರು. ಅಷ್ಟೇ.

ಜೀವನಪೂರ್ತಿ ಆರಾಮ ಅಂದೆನಲ್ಲ, ಆ ಆರಾಮದ ಲೆಕ್ಕ ಕೇಳ್ರಿ. ನನಗೀಗ 34. ಕೂತು ಕೂತು ಸೊಂಟ ಹಿಡಿದಿದೆ. ಹದಿನಾರನೇ ವಯಸ್ಸಿಗೆ ಪುಕ್ಕಟೆ ಬಿಟ್ಟ ಓಟವನ್ನು ಈಗ ತಿಂಗಳಿಗೆ ದುಡ್ಡು ಕಟ್ಟಿ ಟ್ರೆಡ್‌ಮಿಲ್ ಮೇಲೆ ಓಡುತ್ತೇನೆ. ನೀವೂ ಓಡುತ್ತೀರಿ, ನನಗೆ ಗೊತ್ತು. ಶನಿವಾರ ಗಂಟೆ ಲೆಕ್ಕದಲ್ಲಿ ಟರ್ಫ್ ಬಾಡಿಗೆ ಹಿಡಿದು ಆಡೋ ನಮ್ಮಂಥವರೇ ಊರಿನ ಮಕ್ಕಳಿಗೆ "ಆಟ ಬಿಡ್ರಿ" ಅನ್ನುವವರು.

ಇನ್ನೊಂದು ಕಡೆ ನಮ್ಮದೇ ಆಫೀಸು ನೋಡ್ರಿ. ನನ್ನ ಟೀಮಿನ ಹಿರಿಯರೊಬ್ಬರ ಮಗ ಒಂಬತ್ತನೇ ಕ್ಲಾಸು, ಸ್ಕ್ವಾಷ್ ಆಡುತ್ತಾನೆ. ಅಮೆರಿಕದ ಕಾಲೇಜು ಗುರಿ. ಅವರಿಗೆ ಎಲ್ಲ ಬಾಯಿಪಾಠ. ಎನ್‌ಸಿಎಎ ಡಿವಿಷನ್ ಒಂದರಲ್ಲಿ ಆಡಬೇಕಾದರೆ ಹೈಸ್ಕೂಲಿನಲ್ಲಿ 16 ಕೋರ್ ಕೋರ್ಸ್ ಮುಗಿಸಿರಬೇಕು. ಹೆಚ್ಚಿನ ಆಟಗಳಲ್ಲಿ ಹುಡುಗನ ಹತ್ತನೇ ಕ್ಲಾಸ್ ಮುಗಿದ ಮೇಲೆ, ಜೂನ್ 15ರಿಂದ, ಕೋಚ್‌ಗಳು ನೇರ ಮಾತಾಡಬಹುದು. ಐವಿ ಲೀಗ್ ಕಾಲೇಜುಗಳು ಕ್ರೀಡಾ ಸ್ಕಾಲರ್‌ಶಿಪ್ ಕೊಡುವುದಿಲ್ಲ, ಆದರೂ ಕೋಚ್ ಬಾಯಿಂದ ಒಂದು ಮಾತು ಬಂದರೆ ಪ್ರವೇಶ ಸಲೀಸು. ಆಟದ ವಿಡಿಯೋ ಯಾವಾಗ ಕಳಿಸಬೇಕು, ಪತ್ರ ಹೆಂಗೆ ಬರೀಬೇಕು, ಎಲ್ಲದಕ್ಕೂ ಎಕ್ಸೆಲ್ ಶೀಟಿದೆ. ಆ ಮನೆಯಲ್ಲಿ ಯಾರೂ ಹುಡುಗನಿಗೆ "ಆಟ ಬಿಡು" ಅಂದಿಲ್ಲ. ಅವರ ಪಾಲಿಗೆ ಆಟ ಅಂದರೆ ಓದಿನದೇ ಒಂದು ಭಾಗ.

ಆಟಕ್ಕೆ ಅಲ್ಲಿ ಎಷ್ಟು ಕಿಮ್ಮತ್ತಂದರೆ, 2019ರಲ್ಲಿ ಅಮೆರಿಕದಲ್ಲಿ ಹೊರಬಿದ್ದ ಪ್ರವೇಶ ಹಗರಣದಲ್ಲಿ ಶ್ರೀಮಂತ ಅಪ್ಪ-ಅಮ್ಮಂದಿರು ಕೋಚ್‌ಗಳಿಗೆ ಲಂಚ ಕೊಟ್ಟು, ಆಟವೇ ಆಡದ ಮಕ್ಕಳ ಮುಖವನ್ನು ಬೇರೆ ಆಟಗಾರರ ಮೈಗೆ ಫೋಟೋಶಾಪ್‌ನಲ್ಲಿ ಅಂಟಿಸಿದ್ದರು. ಅಲ್ಲಿ ಆಡದವರಿಗೆ ಆಟಗಾರರ ವೇಷ ಹಾಕಿಸುತ್ತಾರೆ. ನಮ್ಮಲ್ಲಿ ಖರೇವಂದ್ರ ಆಡುವವಳಿಗೆ ಆ ವೇಷ ಕಳಚು ಅಂತೀವಿ.

"ಅದು ಅಮೆರಿಕ, ಇದು ಗೋಕಾಕ" ಅಂತೀರಾ? ಸರಿ, ಇಲ್ಲಿಯದೇ ನೋಡೋಣ. ನಮ್ಮ ರಾಜ್ಯದಲ್ಲೂ ಸಿಇಟಿ ಪ್ರವೇಶಕ್ಕೆ ಕ್ರೀಡಾ ಕೋಟಾ ಇದೆ. ಅರ್ಜಿ ತುಂಬುವಾಗಲೇ ಹೇಳಬೇಕು, ಮೂಲ ಸರ್ಟಿಫಿಕೇಟುಗಳ ತಪಾಸಣೆ ಆಗುತ್ತದೆ, ಸಿಇಟಿಯನ್ನಂತೂ ಬರೆಯಲೇಬೇಕು. ಐಐಟಿ ಮದ್ರಾಸ್ 2024-25ರಿಂದ ಪ್ರತಿ ಪದವಿ ಕೋರ್ಸಿನಲ್ಲಿ ಕ್ರೀಡಾಪಟುಗಳಿಗೆ ಎರಡು ಹೆಚ್ಚುವರಿ ಸೀಟು ಇಟ್ಟಿದೆ, ಅದರಲ್ಲಿ ಒಂದು ಹುಡುಗಿಯರಿಗೆ. ಜೆಇಇ ಅಡ್ವಾನ್ಸ್ಡ್ ಪಾಸಾಗಿರಬೇಕು, ಹಿಂದಿನ ನಾಲ್ಕು ವರ್ಷದಲ್ಲಿ ರಾಷ್ಟ್ರೀಯ ಅಥವಾ ಅಂತಾರಾಷ್ಟ್ರೀಯ ಮಟ್ಟದ ಒಂದಾದರೂ ಪದಕ ಇರಬೇಕು.

ಈಗ ಒಂದು ಸಾದಾ ಪ್ರಶ್ನೆ. ಹತ್ತನೇ ಕ್ಲಾಸಿನಲ್ಲಿ ರಾಜ್ಯಮಟ್ಟಕ್ಕೆ ಹೋದವರು ರಾಷ್ಟ್ರಮಟ್ಟಕ್ಕೆ ಹತ್ತುವುದು ಯಾವಾಗ? ಪಿಯುಸಿಯ ಅದೇ ಎರಡು ವರ್ಷದಲ್ಲಿ! ತಾಲೂಕು ಮಟ್ಟದ ಕಾಗದ ಕೋಟಾದಲ್ಲಿ ಕೆಲಸಕ್ಕೆ ಬರುವುದಿಲ್ಲ. ಬೇಕಾದ ಕಾಗದ ಸಿಗುವ ಎರಡೇ ವರ್ಷ ಮೈದಾನಕ್ಕೆ ಬೀಗ ಹಾಕುತ್ತೇವೆ. ಏಣಿ ಇದೆ, ನಡುವಿನ ಮೆಟ್ಟಿಲನ್ನು ನಾವೇ ಕಿತ್ತಿದ್ದೇವೆ. ಆಮೇಲೆ "ಕೋಟಾ ಎಲ್ಲಾ ಬೆಂಗಳೂರವರ ಪಾಲು" ಅಂತ ಕಟ್ಟೆಯ ಮೇಲೆ ಕೂತು ಬೈತೀವಿ.

"ಆಟ ಆಡಿದ್ರ ಹೊಟ್ಟಿ ತುಂಬತೈತೇನು?" ಇದು ಭಾವನ ಪ್ರಶ್ನೆ, ನಮ್ಮಪ್ಪನದೂ ಇದೇ ಆಗಿತ್ತು. ತಪ್ಪು ಪ್ರಶ್ನೆಯಲ್ಲ. ಎರಡು ಎಕರೆಯವರ ಮನೆಯಲ್ಲಿ ಇದನ್ನು ಕೇಳಲೇಬೇಕು. ಅನಿಲ್ ಕುಂಬ್ಳೆ, ಜಾವಗಲ್ ಶ್ರೀನಾಥ್ ಇಬ್ಬರೂ ಇಂಜಿನಿಯರಿಂಗ್ ಓದಿದವರು ಅಂತ ಉದಾಹರಣೆ ಕೊಟ್ಟು ನಾನು ತಪ್ಪಿಸಿಕೊಳ್ಳುವುದಿಲ್ಲ. ಎಲ್ಲರೂ ಕುಂಬ್ಳೆ ಆಗುವುದಿಲ್ಲ. ಆದರೆ ಲೆಕ್ಕ ಎರಡೂ ಕಡೆ ಒಂದೇ ಇರಬೇಕಲ್ಲ? 2024ರಲ್ಲಿ ಜೆಇಇ ಅಡ್ವಾನ್ಸ್ಡ್ ಬರೆದವರು ಸುಮಾರು 1.80 ಲಕ್ಷ, ಐಐಟಿಗಳ ಸೀಟು 17 ಸಾವಿರ ಚಿಲ್ಲರೆ. ಆ ಹಾದಿಗೆ ಸಾಲ ಮಾಡಿ ಫೀ ಕಟ್ಟುತ್ತೇವೆ, ಹತ್ತರಲ್ಲಿ ಒಂಬತ್ತು ಮಕ್ಕಳು ಬರಿಗೈಲಿ ಬಂದರೂ ಅದನ್ನು ಜೂಜು ಅನ್ನುವುದಿಲ್ಲ. ಸಂಜೆ ಒಂದೂವರೆ ತಾಸಿನ ಖೊ-ಖೊ ಮಾತ್ರ ಜೂಜು!

ನಾನು ಓದು ಬಿಡು ಅನ್ನುತ್ತಿಲ್ಲ. ಸಿಇಟಿ ರ‍್ಯಾಂಕಿಗೆ ಅರ್ಧ ಪಿಯುಸಿ ಅಂಕ, ಅರ್ಧ ಸಿಇಟಿ ಅಂಕ, ಎರಡಕ್ಕೂ ಕೂತು ಓದಲೇಬೇಕು. ಆದರೆ ಹದಿನಾರು ವರ್ಷದ ದೇಹ ದಿನಕ್ಕೆ ಹದಿನಾಲ್ಕು ತಾಸು ಕೂತು ಕಲಿಯುತ್ತದೆ ಅಂತ ಯಾರು ಹೇಳಿದರು? ನಾನು ಹಂಗೆ ಕೂತವನು. ಆಟ ಬಿಟ್ಟಾಗ ಉಳಿದ ತಾಸು ಪುಸ್ತಕಕ್ಕೆ ಹೋಗಲಿಲ್ಲ. ಹಾಸ್ಟೆಲಿನ ಕಾಟಿನ ಮೇಲೆ ಮಲಗಿ ಫ್ಯಾನ್ ನೋಡುವುದಕ್ಕೆ ಹೋಯಿತು. ಈಗಿನ ಮಕ್ಕಳಿಗಾದರೆ ಮೊಬೈಲಿಗೆ ಹೋಗುತ್ತದೆ.

ಹಂಗಂತ ಸರ್ಟಿಫಿಕೇಟಿಗಾಗಿ ಆಡಿಸ್ರಿ ಅಂತಲೂ ಅಲ್ಲ. ಸ್ಕ್ವಾಷ್ ಹುಡುಗನ ಎಕ್ಸೆಲ್ ಶೀಟು ನೋಡಿದಾಗ ನನಗೆ ಹೊಟ್ಟೆಕಿಚ್ಚೂ ಆಗಿತ್ತು, ಪಾಪ ಅಂತಲೂ ಅನಿಸಿತ್ತು. ಸೀಟು ಸಿಗದಿದ್ದರೆ ಅವನು ಆ ರ‍್ಯಾಕೆಟ್ ಮುಟ್ಟುತ್ತಾನೋ ಇಲ್ಲವೋ. ನನ್ನ ಸೊಸಿ ಕಂಬದ ಸುತ್ತ ತಿರುಗಿ ಕೈ ಚಾಚಿ ಬೀಳುವಾಗ ಯಾವ ಸೀಟಿನ ನೆನಪೂ ಅವಳಿಗಿರುವುದಿಲ್ಲ. ಕೋಟಾ ಸಿಕ್ಕರೆ ಲಾಭ, ಸಿಗದಿದ್ದರೂ ಆಟ ಅವಳದೇ.

ಅವಳು ಹುಡುಗಿ ಅನ್ನುವುದೂ ಇದರಲ್ಲಿದೆ, ಅದನ್ನು ಮುಚ್ಚಿಡಬಾರದು. ಬೆಳಗಾವಿಯಲ್ಲಿರುವ ಮರಾಠಾ ಲಘು ಪದಾತಿ ದಳದ ಕೇಂದ್ರದಲ್ಲಿ ಬಾಯ್ಸ್ ಸ್ಪೋರ್ಟ್ಸ್ ಕಂಪನಿ ಇದೆ, ಹೆಸರೇ ಹೇಳುವಂತೆ ಅದು ಹುಡುಗರಿಗೆ. ಊರ ಗರಡಿಮನೆಯೂ ಅವರದೇ. ಆಟ ಬಿಟ್ಟ ಹುಡುಗನಿಗೆ ಸಂಜೆ ಬಸ್ ಸ್ಟ್ಯಾಂಡ್ ಆದರೂ ಇದೆ. ಹುಡುಗಿಗೆ ಆಟ ಬಿಡಿಸಿದರೆ ಹೊರಗಿನ ಬಯಲೇ ಮುಗಿಯಿತು. "ಎರಡೇ ವರ್ಷ" ಅಂತೀವಿ, ಆ ಎರಡು ವರ್ಷ ಮುಗಿಯುವ ಹೊತ್ತಿಗೆ ಮನೆಗೆ ಜಾತಕ ಬಂದಿರುತ್ತವೆ. ಬೆಳಗಾವಿ ಸೀಮೆಯ ಮಲಪ್ರಭಾ ಜಾಧವ್ 2018ರ ಏಷ್ಯನ್ ಗೇಮ್ಸ್‌ನಲ್ಲಿ ಕುರಾಶ್ ಕಂಚು ತಂದರು. 2025ರ ಜನವರಿಯಲ್ಲಿ ದೆಹಲಿಯಲ್ಲಿ ನಡೆದ ಮೊದಲ ಖೊ-ಖೊ ವಿಶ್ವಕಪ್ಪಿನ ಫೈನಲ್‌ನಲ್ಲಿ ನಮ್ಮ ಮಹಿಳೆಯರು ನೇಪಾಳವನ್ನು 78-40ರಿಂದ ಸೋಲಿಸಿದರು. ಆ ತಂಡದಲ್ಲಿ ಮೈಸೂರು ಜಿಲ್ಲೆಯ ಕುರುಬೂರಿನ ಚೈತ್ರಾ ಇದ್ದರು. ಅವರ ಮನೆಗಳಲ್ಲೂ ಯಾರೋ ಒಬ್ಬರು "ಸಾಕು ಬಿಡು" ಅನ್ನದೆ ಸುಮ್ಮನಿದ್ದಿರಬೇಕು.

ಹಂಗಾದರೆ ನಮ್ಮಂಥವರು ಏನು ಮಾಡಬೇಕು? ದೊಡ್ಡ ಟ್ರಸ್ಟ್ ಏನೂ ಬೇಡ. ಊರಿನ ಒಂದು ಮಗುವಿನ ಸರ್ಟಿಫಿಕೇಟುಗಳನ್ನೆಲ್ಲ ಒಂದು ಫೈಲಿನಲ್ಲಿ ಇಡಿಸ್ರಿ, ಸ್ಕ್ಯಾನ್ ಮಾಡ್ರಿ. ಸಿಇಟಿ ಕೈಪಿಡಿಯ ಕ್ರೀಡಾ ಕೋಟಾ ಪುಟವನ್ನು ಓದಿ, ಅರ್ಥ ಮಾಡಿಸ್ರಿ. ಪದವಿಪೂರ್ವ ಇಲಾಖೆಯ ಕ್ರೀಡಾಕೂಟದ ದಿನ ಹಾಜರಿ ಕೊಡ್ರಿ ಅಂತ ಪ್ರಿನ್ಸಿಪಾಲರಿಗೆ ಫೋನ್ ಮಾಡ್ರಿ. ಬೆಂಗಳೂರಿನ ಇಂಜಿನಿಯರ್ ಅಂದರೆ ಅವರು ಎದ್ದು ನಿಂತು ಮಾತಾಡುತ್ತಾರೆ, ಆ ಮರ್ಯಾದೆಯನ್ನು ಇದಕ್ಕಾದರೂ ಬಳಸ್ರಿ. ಮತ್ತೆ ಶಾಲು ಹೊದಿಸಿ ಮೈಕು ಕೊಟ್ಟಾಗ ಬಾಯಿಗೆ ಬಂದದ್ದು ಹೇಳಬ್ಯಾಡ್ರಿ.

ಸಂಜೆ ಭಾವನಿಗೆ ನಾನೇ ಫೋನ್ ಮಾಡಿದೆ. "ಭಾವಾ, ಆ ಮಾತು ನನ್ನ ಬಾಯಿಂದ ಬರಂಗಿಲ್ರಿ. ಸ್ಪೆಷಲ್ ಬ್ಯಾಚ್ ಹೋದ್ರ ಹೋಗಲಿ. ರಾತ್ರಿ ಒಂಬತ್ತಕ್ಕ ದಿನಾ ಒಂದು ತಾಸು ಫಿಸಿಕ್ಸ್, ಗಣಿತ ನಾ ವಿಡಿಯೋ ಕಾಲಿನಾಗ ಹೇಳಿಕೊಡ್ತೀನಿ. ಆಟ ಮಾತ್ರ ಬಿಡಸಬ್ಯಾಡ್ರಿ." ಭಾವ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ರ‍್ಯಾಂಕ್ ಬರದಿದ್ರ ನೀನ ಜವಾಬ್ದಾರ" ಅಂದರು. ಒಪ್ಪಿಕೊಂಡೆ. ಹಿಂದಿನಿಂದ ಸೊಸಿಯ ದನಿ ಕೇಳಿಸಿತು: "ಮಾಮಾ, ಒಂಬತ್ತಕ್ಕ ಬ್ಯಾಡ, ಒಂಬತ್ತೂವರೆಗೆ ಇಡು. ಪ್ರಾಕ್ಟೀಸ್ ಮುಗಿಸಿ ಬಂದು ಊಟಾನ ಆಗಿರಂಗಿಲ್ಲ."

ಇವತ್ತು ಒಂಬತ್ತೂವರೆಗೆ ಮೊದಲ ಪಾಠ. ಹದಿನೇಳು ವರ್ಷದ ಹಿಂದೆ ಮರೆತ ವೆಕ್ಟರ್‌ಗಳನ್ನು ಮಧ್ಯಾಹ್ನದಿಂದ ತಿರುವಿ ಹಾಕುತ್ತಾ ಕೂತಿದ್ದೇನೆ.