ಹಳೇ ಮನಿಗೆ ಜೆಸಿಬಿ ಒಂದೇ ಉತ್ತರ ಅಲ್ಲ

ಇಂಟರ್ನಲ್ಸ್ ನಡೆಯುತ್ತಿದ್ದಾಗ ಊರಿಂದ ಅಪ್ಪನ ಫೋನ್ ಬಂತು. "ಹಳೇ ಮನಿ ಕೆಡವಸ್ತೀನಿ. ಅಮಾಸಿ ಕಳದ ಮ್ಯಾಲ ಜೆಸಿಬಿ ಬರ್ತೈತಿ. ಅದರಾಗ ನಿಂದೇನಾರ ಇದ್ರ ಬಂದು ತಗಂಡು ಹೋಗು" ಅಂದ. ನನ್ನದು ಅಂತ ಅದರೊಳಗೆ ಇದ್ದದ್ದು ಒಂದು ಮುರಿದ ಕ್ರಿಕೆಟ್ ಬ್ಯಾಟ್ ಮಾತ್ರ. ಆದರೂ ಆ ರಾತ್ರಿ ಸ್ಟ್ರಕ್ಚರಲ್ ಅನಾಲಿಸಿಸ್ ಪುಸ್ತಕ ತೆರೆದಿಟ್ಟುಕೊಂಡು ಸುಮ್ಮನೆ ಕೂತಿದ್ದೆ.

ನಮ್ಮೂರು ಹಿರೇಹಡಗಲಿ. ಹೂವಿನಹಡಗಲಿ ತಾಲ್ಲೂಕು, ಮೊದಲು ಬಳ್ಳಾರಿ ಜಿಲ್ಲೆ, 2021ರಿಂದ ವಿಜಯನಗರ ಜಿಲ್ಲೆ. ಹೊರಗಿನವರಿಗೆ ಊರಿನ ಹೆಸರು ಗೊತ್ತಿದ್ದರೆ ಅದು ಕಲ್ಯಾಣ ಚಾಲುಕ್ಯರ ಕಾಲದ ಕಲ್ಲೇಶ್ವರ ಗುಡಿಯಿಂದ. ಹನ್ನೊಂದನೇ ಶತಮಾನದ ಆ ಕಲ್ಲಿನ ಕೆತ್ತನೆ ನೋಡಲು ಕ್ಯಾಮೆರಾ ಹಿಡಿದು ಬರುವವರು ಪಕ್ಕದ ಓಣಿಗಳ ಮಾಳಿಗೆ ಮನೆಗಳ ಕಡೆ ತಿರುಗಿ ನೋಡುವುದಿಲ್ಲ. ಅವರೇನು, ನಾವೇ ನೋಡುವುದಿಲ್ಲ. ರೋಡಿನ ಬದಿಗೆ ಆರ್‌ಸಿಸಿ ಮನೆ ಎದ್ದ ಮೇಲೆ ಓಣಿಯ ಹಳೇ ಮನೆಗೆ ಬೀಗ ಬೀಳುತ್ತೆ. ಅಣ್ಣತಮ್ಮಂದಿರ ನಡುವೆ ಹಿಸ್ಸೆ ಆಗಿರಲ್ಲ, ಯಾರೂ ರಿಪೇರಿ ಮಾಡಲ್ಲ. ನಾಲ್ಕು ಮಳೆಗಾಲ ಕಳೆದರೆ ಒಂದು ಮೂಲೆ ಕುಸಿಯುತ್ತೆ. ಆಮೇಲೆ ಜೆಸಿಬಿ.

ಇದಕ್ಕೆ ಎದುರಾಗಿ ನಮ್ಮಂಥವರು ಹೇಳುವುದು ಇನ್ನೊಂದು ಥರ. "ಎಷ್ಟು ತಂಪು, ಎಷ್ಟು ಚಂದ, ಉಳಿಸಬೇಕಪ್ಪಾ" ಅಂತ ಸ್ಟೇಟಸ್ ಹಾಕುತ್ತೇವೆ. ನಾನೂ ಫೋನಿನಲ್ಲಿ ಅದನ್ನೇ ಹೇಳಿದೆ. ಅವ್ವ ಫೋನ್ ಕಸಗೊಂಡು ಅಂದಳು: "ನಿನಗ ಚಂದ ಕಾಣ್ತೈತಿ. ವಾರಕ್ಕೆರಡು ಸಲ ಸೆಗಣಿ ಹಾಕಿ ಸಾರಿಸಿದಾಕಿ ನಾನು. ಚೇಳು ಹೊಡದದ್ದೂ ನಾನು. ಮಳಿ ಬಂದಾಗ ರಾತ್ರೆಲ್ಲ ಬೋಗಾಣಿ ಇಟಗಂತ ಕುಂತಾಕಿನೂ ನಾನು."

ಇದಕ್ಕೆ ನನ್ನ ಹತ್ರ ಉತ್ತರ ಇರಲಿಲ್ಲ. 2009ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ವಾರದ ಮಳೆಗೆ ಉತ್ತರ ಕರ್ನಾಟಕದಲ್ಲಿ ಮಣ್ಣಿನ ಮನೆಗಳು ಸಾಲುಸಾಲಾಗಿ ಬಿದ್ದವು, ಗೋಡೆ ಮೈಮೇಲೆ ಬಿದ್ದೇ ಎಷ್ಟೋ ಜನ ಸತ್ತರು. ಮಣ್ಣಿನ ಮನೆ ಒಳ್ಳೇದು ಅನ್ನುವವನು ಅದರೊಳಗೆ ಮಲಗುವವರ ಬಗ್ಗೆ ಮೊದಲು ಯೋಚಿಸಬೇಕು.

ಹಾಗಾದರೆ ಕೆಡವುದೇ ಸರಿಯಾ? ನನ್ನ ವಾದ ಇಷ್ಟು: ಜನ ಇರಲು ಬೇಡವಾದ ಮನೆ, ಹೊಲಕ್ಕೆ ಬೇಡವಾಗಿರುವುದಿಲ್ಲ. ಅದನ್ನು ಮನೆಯಾಗಿ ಉಳಿಸಲು ಹೋಗಬೇಡಿ, ಕೆಲಸಕ್ಕೆ ಹಚ್ಚಿ.

ಯಾಕೆ ಅಂದರೆ ಮಾಳಿಗೆ ಮನೆ ಹಾಳಾಗುವುದು ವಯಸ್ಸಾಗಿ ಅಲ್ಲ, ಆಳಿಲ್ಲದೆ. ಒಲೆ ಹೊಗೆ ಇದ್ದಾಗ ಜಂತಿಗೆ ಹುಳ ಹತ್ತುವುದು ಕಡಿಮೆ. ಮನೆಯಲ್ಲಿ ಜನ ಇದ್ದಾಗ ಮುಂಗಾರಿಗೆ ಮುಂಚೆ ಯಾರೋ ಮಾಳಿಗೆ ಹತ್ತಿ ಬಿರುಕಿಗೆ ಸವಳು ಮಣ್ಣು ಹಾಕಿ ತುಳಿಯುತ್ತಾರೆ. ಸವಳು ಮಣ್ಣೇ ಯಾಕೆ ಅಂತ ನಾನು ಜಿಯೋಟೆಕ್ ಕ್ಲಾಸಿಗೆ ಬರುವವರೆಗೂ ಕೇಳಿರಲಿಲ್ಲ. ಅದರಲ್ಲಿ ಸೋಡಿಯಂ ಜಾಸ್ತಿ. ನೀರು ಬಿದ್ದಾಗ ಜೇಡಿಯ ಕಣಗಳು ಬಿಡಿಬಿಡಿಯಾಗಿ ಸಣ್ಣ ರಂಧ್ರಗಳನ್ನು ಮುಚ್ಚಿಬಿಡುತ್ತವೆ, ನೀರು ಇಳಿಯುವುದಿಲ್ಲ. ಬೆಳೆಗೆ ಶಾಪವಾದ ಮಣ್ಣು ಮಾಳಿಗೆಗೆ ವರ. ಸಿಲೆಬಸ್ ಇಲ್ಲದೆ ನಮ್ಮಜ್ಜಂದಿರು ಕಂಡುಕೊಂಡದ್ದು ಇದು.

ಆದರೆ ಅದೇ ಮಣ್ಣು ಅಪಾಯವೂ ಹೌದು. ವರ್ಷಾ ಒಂದಿಷ್ಟು ಬುಟ್ಟಿ ಸೇರುತ್ತಾ ಹೋಗಿ ದಪ್ಪ ಒಂದಡಿ ಆಗಿರುತ್ತೆ. ಲೆಕ್ಕ ಹಾಕಿ. 0.3 ಮೀಟರ್ ದಪ್ಪ, ಘನ ಮೀಟರಿಗೆ ಸುಮಾರು 1,700 ಕೆಜಿ. ಚದರ ಮೀಟರಿಗೆ 500 ಕೆಜಿ ದಾಟಿತು. 60 ಚದರ ಮೀಟರ್ ಮಾಳಿಗೆ ಅಂದರೆ 30 ಟನ್ ಒಣ ಮಣ್ಣು! ಮಳೆಗೆ ನೆನೆದರೆ ಇನ್ನೂ ಜಾಸ್ತಿ. ಅದನ್ನು ಹೊತ್ತಿರುವುದು ಗೋಡೆಯೊಳಗೆ ತುದಿ ಹುದುಗಿರುವ ತೊಲೆಗಳು. ತೊಲೆ ಕೊಳೆಯುವುದು ನಡುವೆ ಅಲ್ಲ, ಕಣ್ಣಿಗೆ ಕಾಣದ ಆ ತುದಿಯಲ್ಲಿ.

ಹಾಗಾಗಿ ಮೊದಲ ಕೆಲಸ ಮಾಳಿಗೆಯ ಭಾರ ಇಳಿಸುವುದು. ಕೆಳಗೆ ಆಸರೆ ಕೊಟ್ಟು, ತೊಲೆಯ ತುದಿಗಳನ್ನು ಚೂಪಾದ ಕಬ್ಬಿಣದಿಂದ ಚುಚ್ಚಿ ನೋಡಿ, ಗಟ್ಟಿ ಇದ್ದರೆ ಅರ್ಧ ಮಣ್ಣು ತೆಗೆಯಬೇಕು. ಮೇಲೆ ಒಂದಡಿ ಗಾಳಿ ಆಡುವಷ್ಟು ಎತ್ತರ ಬಿಟ್ಟು ಶೀಟ್ ಹಾಕಬೇಕು. ಶೀಟ್ ಚದರ ಮೀಟರಿಗೆ ಐದು ಕೆಜಿ ಆಸುಪಾಸು. ನೀರು ತಡೆಯುವುದು ಶೀಟ್, ಬಿಸಿಲು ತಡೆಯುವುದು ಉಳಿದ ಮಣ್ಣು. ಆದರೆ ಹಗುರಾದ ಚಾವಣಿ ಗಾಳಿಗೆ ಹಾರುತ್ತೆ. ಶೀಟನ್ನು ಮಣ್ಣಿನ ಗೋಡೆಗೆ ಬಿಗಿದರೆ ಮುಂಗಾರಿಗೆ ಮುಂಚಿನ ಮೊದಲ ಬಿರುಗಾಳಿಗೇ ಹೋಯ್ತು. ಅದನ್ನು ತೊಲೆ ಕಂಬಗಳಿಗೇ ಕಟ್ಟಬೇಕು.

ಆಮೇಲೆ ಒಳಗೆ ಏನಿಡಬೇಕು ಅನ್ನುವ ಪ್ರಶ್ನೆ. ಎರಡಡಿ ದಪ್ಪದ ಗೋಡೆಯ ಗುಣ ಅಂದರೆ ಒಳಗಿನ ಉಷ್ಣತೆ ಹಗಲು ರಾತ್ರಿ ಹೆಚ್ಚು ಏರಿಳಿಯಲ್ಲ. ಬಿತ್ತನೆ ಬೀಜಕ್ಕೆ, ಜೋಳದ ಚೀಲಕ್ಕೆ, ಡ್ರಿಪ್ ಪೈಪಿಗೆ, ಔಷಧಿ ಹೊಡೆಯುವ ಮಷಿನ್ನಿಗೆ, ಒಣ ಮೇವಿಗೆ ಇದಕ್ಕಿಂತ ಒಳ್ಳೇ ಜಾಗ ಇಲ್ಲ. ಮೆಕ್ಕೆಜೋಳವೂ ಇಡಬಹುದು, ಆದರೆ ತೇವಾಂಶ 12-13 ಪರ್ಸೆಂಟಿಗೆ ಇಳಿಯುವಷ್ಟು ಒಣಗಿದ ಮೇಲೆ. ಹಸಿ ಕಾಳು ಒಟ್ಟಿದರೆ ಬೂಷ್ಟು ಹಿಡಿದು ಅಫ್ಲಾಟಾಕ್ಸಿನ್ ವಿಷ ಆಗುತ್ತೆ. ಕಾಳನ್ನು ಗೋಡೆಗೆ ಆತು ಸುರಿಯಬೇಡಿ. ರಿಟೇನಿಂಗ್ ವಾಲ್ ಲೆಕ್ಕ ಮಾಡಿದವರಿಗೆ ಕಾರಣ ಹೇಳಬೇಕಿಲ್ಲ. ರಾಶಿ ಗೋಡೆಯನ್ನು ಹೊರಕ್ಕೆ ತಳ್ಳುತ್ತೆ, ಮಣ್ಣಿನ ಗೋಡೆಗೆ ಆ ಒತ್ತಡ ತಡೆಯುವ ತಾಕತ್ತಿಲ್ಲ. ಚೀಲ ಕಟ್ಟಿ, ಹಲಗೆ ಮೇಲೆ, ಗೋಡೆಯಿಂದ ಎರಡಡಿ ದೂರ ಇಡಿ.

ನಮ್ಮ ಕಡೆಯ ಉಳ್ಳಾಗಡ್ಡಿ ಮಾತ್ರ ಬೇರೆ. ಅದಕ್ಕೆ ಬೇಕಾದದ್ದು ಗಾಳಿ, ಅದೂ ಅಡಿಯಿಂದ. ಕಿಟಕಿ ಕಮ್ಮಿ ಇರುವ ನಡುಮನೆಯಲ್ಲಿ ಸುರಿದರೆ ವಾರದಲ್ಲಿ ವಾಸನೆ ಬರುತ್ತೆ. ಅದಕ್ಕೆ ತೋಟಗಾರಿಕೆ ಇಲಾಖೆ ಅರ್ಧ ಸಹಾಯಧನ ಕೊಡುವ, ಜಾಲರಿ ಥರದ ಶೆಡ್ಡೇ ಸರಿ. ಹಳೇ ಮನೆ ಎಲ್ಲಕ್ಕೂ ಮದ್ದಲ್ಲ ಅಂತ ಒಪ್ಪಿಕೊಂಡರೆ ಮಾತ್ರ ಅಪ್ಪ ನಮ್ಮ ಮಾತು ನಂಬುತ್ತಾನೆ.

ಇನ್ನೆರಡು ಎಚ್ಚರಿಕೆ. "ಭದ್ರ ಆಗ್ಲಿ" ಅಂತ ಮಣ್ಣಿನ ಗೋಡೆಗೆ ಸಿಮೆಂಟ್ ಗಿಲಾವು ಮಾಡಬೇಡಿ. ಗೋಡೆಯ ಹಸಿ ಹೊರಗೆ ಹೋಗಲಾಗದೆ ಒಳಗೇ ಉಳಿದು ಕೊನೆಗೆ ಗಿಲಾವು ಹಪ್ಪಳದ ಹಾಗೆ ಬೀಳುತ್ತೆ, ಜತೆಗೆ ಮಣ್ಣನ್ನೂ ಎಳಕೊಂಡು. ಸುಣ್ಣ ಅಥವಾ ಮಣ್ಣೇ ಸಾಕು. ಎರಡನೆಯದು ಹಗೇವು. ಮುಚ್ಚಿದ ಹಗೇವಿನಲ್ಲಿ ಆಮ್ಲಜನಕ ಇರುವುದಿಲ್ಲ. ನೋಡೋಣ ಅಂತ ಇಳಿದವರು ಮೇಲೆ ಬರದೇ ಹೋದದ್ದುಂಟು. ಬಾಯಿ ತೆರೆದು, ದಿನಗಟ್ಟಲೆ ಗಾಳಿ ಆಡಲು ಬಿಡಿ. ಹಿರಿಯರು ಮೊದಲು ದೀಪ ಇಳಿಬಿಟ್ಟು ನೋಡುತ್ತಿದ್ದರು, ದೀಪ ಆರಿದರೆ ಇಳಿಯುತ್ತಿರಲಿಲ್ಲ. ನೀವಂತೂ ಇಳಿಯಲೇಬೇಡಿ.

ಇಷ್ಟೆಲ್ಲ ಹೇಳಿದ ಮೇಲೂ ಅಪ್ಪನ ಅಸಲಿ ತಕರಾರು ತಾಂತ್ರಿಕ ಅಲ್ಲ. "ನಮ್ಮಪ್ಪ ಕಟ್ಟಿಸಿದ ಮನ್ಯಾಗ ದನ ಕಟ್ಟಿದ್ರ ಊರಾಗಿನ ಮಂದಿ ಏನಂತಾರ?" ಕೆಡವಿದರೆ ಮರ್ಯಾದೆ ಉಳಿಯುತ್ತೆ, ಕೊಟ್ಟಿಗೆ ಮಾಡಿದರೆ ಹೋಗುತ್ತೆ ಅನ್ನುವ ಲೆಕ್ಕ. ಆದರೆ ಆ ಮನೆಯ ಬಾಗಿಲು ದಾಟಿದ ಕೂಡಲೇ ತಗ್ಗಿನಲ್ಲಿ ಇರುವುದೇನು? ದಂದಕ್ಕಿ. ಎತ್ತು ಆಕಳು ಕಟ್ಟುವ ಜಾಗ. ಅದನ್ನು ದಾಟಿ ಮೆಟ್ಟಿಲು ಹತ್ತಿದರೆ ಪಡಸಾಲೆ, ಆಮೇಲೆ ಅಡುಗೆಮನೆ. ಅಜ್ಜ ಮಲಗುತ್ತಿದ್ದದ್ದು ಎತ್ತಿನ ಗಂಟೆ ಕೇಳುವ ದೂರದಲ್ಲಿ. ಆ ಮನೆ ಮೊದಲಿಂದಲೂ ಅರ್ಧ ಕೊಟ್ಟಿಗೆ, ಅರ್ಧ ಕಣಜ. ಉಳಿದ ಜಾಗದಲ್ಲಿ ಜನ ಹೊಂದಿಕೊಂಡಿದ್ದರು ಅಷ್ಟೇ. ಈಗ ಜನ ಹೊರಗೆ ಹೋಗಿದ್ದಾರೆ. ದನ, ಕಾಳು ಇದ್ದರೆ ಮನೆಗೆ ಅವಮಾನ ಯಾಕೆ?

ಸರ್ಕಾರದ ಲೆಕ್ಕವೂ ವಿಚಿತ್ರ. ಮಳೆಗೆ ಮನೆ ಬಿದ್ದರೆ ಪರಿಹಾರ ಉಂಟು. 2019ರ ನೆರೆಯ ನಂತರ ಪೂರ್ತಿ ಬಿದ್ದ ಮನೆಗೆ 5 ಲಕ್ಷ ಘೋಷಿಸಿದ್ದರು. ಅದು ಬೇಕಾದದ್ದೇ. ಆದರೆ ಬೀಳುವ ಮುಂಚೆ ಒಂದು ತೊಲೆ ಬದಲಿಸಿಕೊಳ್ಳಲು, ಉಗ್ರಾಣ ಮಾಡಿಕೊಳ್ಳಲು ರೈತನ ಕೈಗೆ ಏನು ಬರುತ್ತೆ? ಹೊಸ ಶೆಡ್ಡಿಗೆ ಕೊಡುವ ಸಹಾಯಧನದ ಒಂದು ಪಾಲು ಇದಕ್ಕೂ ಬೇಕು.

ಎಲ್ಲ ಮನೆಯೂ ನಿಲ್ಲಲ್ಲ. ಗೋಡೆ ಹೊಟ್ಟೆ ಬಿಟ್ಟಿದ್ದರೆ, ಟ್ರ್ಯಾಕ್ಟರ್ ಹೋಗದ ಓಣಿಯಾದರೆ, ಇಳಿಸುವುದೇ ವಾಸಿ. ಕೆಡವುದಲ್ಲ, ಇಳಿಸುವುದು. ಜೆಸಿಬಿ ಒಂದು ತಾಸಿನಲ್ಲಿ ಕಂಬ, ಬೋದಿಗೆ, ಕಲ್ಲು, ಮಣ್ಣು ಎಲ್ಲವನ್ನೂ ಕಲಸಿ ಒಂದು ಗುಡ್ಡೆ ಮಾಡುತ್ತೆ. ಆಳು ಹಚ್ಚಿ ಬಿಚ್ಚಿದರೆ ಕಂಬ ತೊಲೆ ಹೊಲದ ಶೆಡ್ಡಿಗೆ, ಕಲ್ಲು ಅದರ ತಳಕ್ಕೆ. ಮಣ್ಣು? ಹಾಳು ಗೋಡೆ ಮಣ್ಣನ್ನು ಹಿಂದೆ ಗಾಡಿ ಹೂಡಿ ಹೊಲಕ್ಕೆ ಹೊಡೆಯುತ್ತಿದ್ದರು, ಗೊಬ್ಬರ ಅಂತ.

ಇನ್ನು ನಮ್ಮ ಮಾತು. ನಾಲ್ಕು ವರ್ಷ ಸಿವಿಲ್ ಓದಿದ ಮೇಲೂ ಒಂದು ಮಾಳಿಗೆ ಮನೆ ನಿಲ್ಲುತ್ತೋ ಬೀಳುತ್ತೋ ಹೇಳಲು ನಮಗೆ ಬರಲ್ಲ. ಕೇಳಿದರೆ "ಡಿಮಾಲಿಶ್ ಮಾಡಿಸಿ ಅಂಕಲ್" ಅಂತೀವಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲೇ ಅಸ್ತ್ರ ಎಂಬ ಕೇಂದ್ರ ಶುರುವಾಗಿ, ಹಳ್ಳಿಗೆ ಬೇಕಾದ ತಂತ್ರಜ್ಞಾನ ಅಂತ ಮಣ್ಣಿನ ಇಟ್ಟಿಗೆಯ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದೆ. ಮಣ್ಣು ಎಂಜಿನಿಯರ್‌ಗೆ ಕೀಳಲ್ಲ ಅನ್ನಲು ಇನ್ನೇನು ಸಾಕ್ಷಿ ಬೇಕು?

ಅಪ್ಪನಿಗೆ ನಾನು ಕೇಳಿದ್ದು ಒಂದೇ: ಪರೀಕ್ಷೆ ಮುಗಿಯೋವರೆಗೆ ಜೆಸಿಬಿ ಬ್ಯಾಡ. ಬಂದು ಟೇಪು, ಟಾರ್ಚು ಹಿಡಿದು ಅಳತೆ ಮಾಡಿ, ನಿಲ್ಲಲ್ಲ ಅನಿಸಿದರೆ ನಾನೇ ಹೇಳ್ತೀನಿ. "ನೋಡಪಾ, ಉಗಾದಿಮಟಾ" ಅಂದಿದ್ದಾನೆ. ನಿಮ್ಮೂರಲ್ಲೂ ಬೀಗ ಹಾಕಿದ ಒಂದು ಮನೆ ಇದ್ದರೆ, ಈ ರಜೆಗೆ ಫೋಟೋ ತೆಗೆಯುವ ಮೊದಲು ತೊಲೆಯ ತುದಿ ಚುಚ್ಚಿ ನೋಡಿ.