ಮೂರು ರಾತ್ರಿಗೆ ಒಂದೇ ಬೆಟ್ಟ: ಊರಿಗೆ ಹೊರಟವರಲ್ಲಿ ಒಂದು ಮನವಿ

ಡಿಸೆಂಬರ್‌ಗೆ ಬೆಂಗಳೂರಿನ ಟಿಕೆಟ್ ತೆಗೆದಿಟ್ಟಿರುವ ಬೇ ಏರಿಯಾದ ಕನ್ನಡಿಗರೇ, ನಿಮ್ಮಲ್ಲಿ ಒಂದು ಬಿನ್ನಹ. ಈ ಸಲ ಮಲೆನಾಡಿಗೋ ಕೊಡಗಿಗೋ ಊಟಿಗೋ ಹೋಗುವ ಯೋಚನೆಯಿದ್ದರೆ ಒಂದೇ ಬೆಟ್ಟ ಆರಿಸಿಕೊಳ್ಳಿ. ಮೂರು ರಾತ್ರಿ ಅಲ್ಲೇ ಉಳಿಯಿರಿ. ಸೋಮವಾರ ಹತ್ತಿ ಗುರುವಾರ ಇಳಿಯಿರಿ. ಕೇಳಿಕೊಳ್ಳುವುದು ಇಷ್ಟೇ, ಉಳಿದದ್ದೆಲ್ಲ ಯಾಕೆ, ಹೇಗೆ ಎನ್ನುವ ವಿವರ.

ನವೆಂಬರ್ ಬಂತೆಂದರೆ ನಮ್ಮ ವಾಟ್ಸಾಪ್ ಗುಂಪುಗಳಲ್ಲಿ ಒಂದು ಪಟ್ಟಿ ತಿರುಗಾಡತೊಡಗುತ್ತದೆ. ಬೆಳಗಿನ ಜಾವ ನಾಲ್ಕಕ್ಕೆ ಬೆಂಗಳೂರು ಬಿಡುವುದು, ಹಾಸನದಲ್ಲಿ ತಿಂಡಿ, ಬೇಲೂರು, ಹಳೇಬೀಡು, ಮೂರು ಗಂಟೆಗೆ ಮುಳ್ಳಯ್ಯನಗಿರಿ. ಮರುದಿನ ಹೊರನಾಡಿನಲ್ಲಿ ಊಟ, ಶೃಂಗೇರಿಯಲ್ಲಿ ಮೀನಿಗೆ ಮಂಡಕ್ಕಿ, ಸಂಜೆ ಆಗುಂಬೆಯ ಸೂರ್ಯಾಸ್ತ. ಮೂರನೆಯ ದಿನ ಧರ್ಮಸ್ಥಳ, ಸುಬ್ರಹ್ಮಣ್ಯ, ರಾತ್ರಿ ಮಡಿಕೇರಿ. ನಾಲ್ಕನೆಯ ದಿನ ತಲಕಾವೇರಿ, ದುಬಾರೆ, ಬೈಲಕುಪ್ಪೆ, ಮೈಸೂರು, ಮಧ್ಯರಾತ್ರಿಗೆ ಜಯನಗರ. ಈ ಪಟ್ಟಿ ಮಾಡಿದ ಪುಣ್ಯಾತ್ಮರು ಕಿಲೋಮೀಟರು ಲೆಕ್ಕ ಹಾಕಿದ್ದಾರೆ, ಘಾಟಿಯ ತಿರುವು ಲೆಕ್ಕ ಹಾಕಿಲ್ಲ. ಹೋಗಿ ಬಂದವರನ್ನು ಏನು ನೋಡಿದಿರಿ ಎಂದು ಕೇಳಿದರೆ ಮುಂದಿನ ಕಾರಿನ ನಂಬರ್ ಪ್ಲೇಟ್ ಹೇಳಿಯಾರು.

ಈ ಓಟಕ್ಕೆ ಆಸೆಯೊಂದೇ ಕಾರಣವಲ್ಲ. ಮಕ್ಕಳ ಶಾಲೆಗೆ ಚಳಿಗಾಲದ ರಜೆ ಎರಡೇ ವಾರ. ಧನುರ್ಮಾಸವಾದ್ದರಿಂದ ಮದುವೆ ಮುಂಜಿಗಳ ಓಡಾಟವಿರುವುದಿಲ್ಲ, ಅದೊಂದು ಪುಣ್ಯ. ಆದರೂ ಅತ್ತೆಮನೆ, ತವರುಮನೆ, ಹಲ್ಲಿನ ಡಾಕ್ಟರು, ಬ್ಯಾಂಕಿನ ಕೆವೈಸಿ ಎಲ್ಲ ಮುಗಿದ ಮೇಲೆ ಉಳಿಯುವುದು ನಾಲ್ಕು ದಿನ. ಬಾಡಿಗೆ ಗಾಡಿಯ ಲೆಕ್ಕಾಚಾರವೂ ನಮ್ಮನ್ನು ಓಡಿಸುತ್ತದೆ. ಬೆಂಗಳೂರಿನಿಂದ ಹೊರಗೆ ಹೋಗುವ ಇನ್ನೋವಾಕ್ಕೋ ಟಿಟಿಗೋ (ಟೆಂಪೋ ಟ್ರಾವೆಲರ್) ಸಾಮಾನ್ಯವಾಗಿ ದಿನಕ್ಕೆ ಕನಿಷ್ಠ 250 ಅಥವಾ 300 ಕಿ.ಮೀ.ಗೆ ದುಡ್ಡು ಕೊಡಬೇಕು, ಗಾಡಿ ಓಡಲಿ ಬಿಡಲಿ. ಕೊಟ್ಟ ಮೇಲೆ ಓಡಿಸಿಯೇ ಬಿಡೋಣ ಅನ್ನಿಸುತ್ತದೆ. ಡಾಲರಿನಲ್ಲಿ ಸಂಬಳ ಎಣಿಸುವವರಿಗೂ ಹಾಗೆ ಅನ್ನಿಸುವುದು ನನಗಂತೂ ಸೋಜಿಗ. ಆ ದುಡ್ಡು ಹೋದರೆ ಹೋಗಲಿ ಬಿಡಿ. ಇಲ್ಲವೇ ಸಕಲೇಶಪುರಕ್ಕೋ ಶಿವಮೊಗ್ಗಕ್ಕೋ ರೈಲಿನಲ್ಲಿ ಹೋಗಿ, ಅಲ್ಲಿಂದ ಮುಂದೆ ಊರಿನ ಜೀಪನ್ನೇ ಗೊತ್ತು ಮಾಡಿಕೊಳ್ಳಿ. ಘಾಟಿಯ ರಸ್ತೆ ಅವರಿಗೆ ಗೊತ್ತಿರುವಷ್ಟು ಬೆಂಗಳೂರಿನ ಡ್ರೈವರಿಗೆ ಗೊತ್ತಿರುವುದಿಲ್ಲ.

ರೈಲಿನ ಮಾತು ಬಂತಲ್ಲ, ಅಜ್ಜ ಅಜ್ಜಿ ಜೊತೆಗಿದ್ದರೆ ಯಶವಂತಪುರದಿಂದ ಮಂಗಳೂರಿಗೆ ಹಗಲು ಹೋಗುವ ರೈಲು ಯಾವ ದಿನ ಓಡುತ್ತದೆ ಎಂದು ವಿಚಾರಿಸಿ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗಿನ ಸುಮಾರು 55 ಕಿ.ಮೀ. ದಾರಿಯಲ್ಲಿ 57 ಸುರಂಗಗಳಿವೆ. ಗಾಜಿನ ಛಾವಣಿಯ ವಿಸ್ಟಾಡೋಮ್ ಬೋಗಿಗಳು ಈ ದಾರಿಗೆ ಬಂದದ್ದು 2021ರ ಜುಲೈಯಲ್ಲಿ. ಮಂಡಿನೋವಿನ ಅಜ್ಜಿಗೆ ಮುಳ್ಳಯ್ಯನಗಿರಿಯ ಮೆಟ್ಟಿಲು ಬೇಡ. ಕೂತಲ್ಲೇ ಘಟ್ಟ ಇಳಿಯಲಿ.

ಚಳಿಗಾಲದಲ್ಲಿ ಊರಿಗೂ ಇಲ್ಲಿಗೂ ಹದಿಮೂರೂವರೆ ಗಂಟೆಯ ಅಂತರ. ಇಳಿದ ಮರುದಿನವೇ ಹೊರಟರೆ ಮಕ್ಕಳು ರಾತ್ರಿ ಎರಡಕ್ಕೆ ಎದ್ದು ಕೂತು ಬಿಸ್ಕತ್ತು ಕೇಳುತ್ತಾರೆ. ಹಗಲು ಹನ್ನೊಂದಕ್ಕೆ ಚಾರ್ಮಾಡಿಯ ತಿರುವಿನಲ್ಲಿ ನಿದ್ದೆಗಣ್ಣಿನಲ್ಲೇ ವಾಂತಿ ಮಾಡುತ್ತಾರೆ. ನಿಂಬೆಹಣ್ಣು ಮೂಸಿಸಿದರೆ ನಿಲ್ಲುವ ವಾಂತಿಯಲ್ಲ ಅದು. ಮೊದಲ ನಾಲ್ಕೈದು ದಿನ ಮನೆಯಲ್ಲೇ ಇದ್ದುಬಿಡಿ.

ಇನ್ನು ದಿನಾಂಕದ ವಿಷಯ. ಕ್ರಿಸ್‌ಮಸ್‌ನಿಂದ ಹೊಸ ವರ್ಷದವರೆಗಿನ ವಾರಕ್ಕೆ ಸೋಮವಾರ, ಶನಿವಾರ ಎಂಬ ಭೇದವಿಲ್ಲ. ಆಗ ಬೆಂಗಳೂರಿಗೆ ಬೆಂಗಳೂರೇ ಬೆಟ್ಟ ಹತ್ತಿರುತ್ತದೆ. ಬಸವನಗುಡಿ, ಮಲ್ಲೇಶ್ವರಗಳಲ್ಲಿ ಆರಾಮಾಗಿ ಓಡಾಡಲು ಅದಕ್ಕಿಂತ ಒಳ್ಳೆಯ ವಾರ ಇನ್ನೊಂದಿಲ್ಲ. ಬೆಟ್ಟಕ್ಕೆ 24ರ ಮೊದಲು ಹೋಗಿ ಬನ್ನಿ, ಇಲ್ಲವೇ ಜನವರಿ 2 ಕಳೆಯಲಿ. ಎರಡೂ ಆಗದಿದ್ದರೆ ಹೆಸರುವಾಸಿ ಜಾಗಗಳನ್ನು ಬಿಟ್ಟು ಬೇರೆ ಕಡೆ ನೋಡಿ.

ನಾನಿರುವ ಬರ್ಕ್ಲಿಯ ಬೆನ್ನಿಗೇ ಟಿಲ್ಡನ್ ಪಾರ್ಕ್ ಇದೆ. ಅದರೊಳಗೆ ಸೌತ್ ಪಾರ್ಕ್ ಡ್ರೈವ್ ಎಂಬ ಒಂದು ರಸ್ತೆ. ಪ್ರತಿ ವರ್ಷ ನವೆಂಬರ್ 1ರಿಂದ ಮಾರ್ಚ್ 31ರವರೆಗೆ ಆ ರಸ್ತೆಯಲ್ಲಿ ಕಾರು ಬಿಡುವುದಿಲ್ಲ. ಕಾರಣ ನ್ಯೂಟ್: ಹಲ್ಲಿಯ ಆಕಾರ, ಕಂದು ಬೆನ್ನು, ಕಿತ್ತಳೆ ಹೊಟ್ಟೆ, ಕಪ್ಪೆಯ ಕುಲಕ್ಕೆ ಹತ್ತಿರದ ಜೀವಿ. ಮಳೆ ಬಿದ್ದ ಮೇಲೆ ಮೊಟ್ಟೆಯಿಡಲು ನೀರಿನ ಕಡೆಗೆ ಹೊರಡುತ್ತದೆ. ಒಂದು ಕಾಲು ಮುಂದಿಡುತ್ತದೆ, ನಿಲ್ಲುತ್ತದೆ, ತಲೆ ಎತ್ತುತ್ತದೆ, ಮತ್ತೊಂದು ಕಾಲು ಇಡುತ್ತದೆ. ರಸ್ತೆಯ ಈ ಅಂಚಿನಿಂದ ಆ ಅಂಚಿಗೆ ಮುಟ್ಟುವಷ್ಟರಲ್ಲಿ ನೋಡುವವರ ತಾಳ್ಮೆಯೇ ಮುಗಿದಿರುತ್ತದೆ. ಅದರ ಸಲುವಾಗಿ ಐದು ತಿಂಗಳು ರಸ್ತೆ ಮುಚ್ಚಿದ್ದಾರೆಂದು ಗೊಣಗಿದ ಕನ್ನಡಿಗರನ್ನು ನಾನು ಕಂಡಿಲ್ಲ. ಫ್ರೀಮಾಂಟ್, ಸನ್ನಿವೇಲ್‌ಗಳಿಂದ ಮಕ್ಕಳನ್ನು ಕರೆದುಕೊಂಡು ಬಂದು ತೋರಿಸುವವರಿದ್ದಾರೆ. ಮ್ಯೂರ್ ವುಡ್ಸ್‌ಗೆ 2018ರ ಜನವರಿಯಿಂದ ಕಾರು ನಿಲ್ಲಿಸಲೂ ಮುಂಗಡ ಕಾಯ್ದಿರಿಸಬೇಕು. ಅಲ್ಲಿ ಫೋನಿನ ಸಿಗ್ನಲ್ ಸಿಗುವುದಿಲ್ಲವೆಂದು ಮನೆಯಲ್ಲೇ ಟಿಕೆಟ್ ಇಳಿಸಿಕೊಂಡು ಹೋಗುವ ಶಿಸ್ತೂ ನಮಗಿದೆ.

ಅದೇ ನಾವು ಬಂಡೀಪುರದಲ್ಲಿ ರಾತ್ರಿ ಒಂಬತ್ತಕ್ಕೆ ಗೇಟು ಹಾಕಿದರೆ ಫಾರೆಸ್ಟಿನವರ ಜೊತೆ ವಾದಕ್ಕೆ ನಿಲ್ಲುತ್ತೇವೆ. ಅಲ್ಲಿ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಸಂಚಾರ ನಿಷೇಧ 2009ರಿಂದ ಇದೆ, ಹೊಸದೇನಲ್ಲ. ಗಾಡಿಗೆ ಸಿಕ್ಕಿ ಜಿಂಕೆ, ಆನೆ, ಚಿರತೆ ಸಾಯುತ್ತಿದ್ದವು ಎಂದೇ ಬಂದ ನಿಯಮ. ನ್ಯೂಟ್‌ಗೆ ಕೊಟ್ಟ ಮರ್ಯಾದೆಯನ್ನು ಆನೆಗೂ ಕೊಡೋಣ. ಊಟಿಗೋ ವಯನಾಡಿಗೋ ಹೋಗುವವರು ಗುಂಡ್ಲುಪೇಟೆಯನ್ನು ಹಗಲಲ್ಲೇ ದಾಟುವ ಹಾಗೆ ಹೊರಡಿ. ಎಂಟೂ ಐವತ್ತಕ್ಕೆ ಗೇಟು ಮುಟ್ಟಿ, ಒಳಗೆ ನುಗ್ಗಿ, ಕಾಡಿನ ನಡುವೆ ಅರವತ್ತರಲ್ಲಿ ಓಡಿಸುವ ಸಾಹಸ ಬೇಡ.

ಬೆಟ್ಟದ ಇಕ್ಕಟ್ಟಿನ ರಸ್ತೆ ಎಂದರೇನು ಎಂಬುದು ಬರ್ಕ್ಲಿಯವರಿಗೆ ಯಾರೂ ಹೇಳಿಕೊಡಬೇಕಿಲ್ಲ. 1991ರ ಅಕ್ಟೋಬರ್ 20ರಂದು ಓಕ್‌ಲ್ಯಾಂಡ್‌ ಮತ್ತು ಬರ್ಕ್ಲಿಯ ಗುಡ್ಡಗಳಿಗೆ ಬೆಂಕಿ ಬಿದ್ದಾಗ 25 ಜನ ಸತ್ತರು. ಸಣ್ಣ ರಸ್ತೆಗಳಲ್ಲಿ ಕಾರುಗಳು ಒಂದರ ಹಿಂದೊಂದು ಸಿಕ್ಕಿಕೊಂಡು, ಇಳಿಯಲೂ ಆಗದೆ ಹತ್ತಲೂ ಆಗದೆ ಪ್ರಾಣ ಬಿಟ್ಟವರು ಅವರಲ್ಲಿದ್ದರು. ಈಗಲೂ ಒಣಗಾಳಿ ಜೋರಾಗಿ ಬೀಸುವ ದಿನಗಳಲ್ಲಿ, ಬೆಂಕಿ ಇನ್ನೂ ಹೊತ್ತದಿದ್ದರೂ, ಗುಡ್ಡದ ಮೇಲಿನವರು ಮೊದಲೇ ಇಳಿದುಬಿಡಿ ಎನ್ನುತ್ತದೆ ಇಲ್ಲಿನ ನಗರಾಡಳಿತ. ಕೈಮರದ ಚೆಕ್‌ಪೋಸ್ಟ್ ದಾಟಿ ಮುಳ್ಳಯ್ಯನಗಿರಿಗೆ ಹತ್ತುವ ರಸ್ತೆಯನ್ನು ಭಾನುವಾರ ಮಧ್ಯಾಹ್ನ ಒಮ್ಮೆ ಕಣ್ಣಮುಂದೆ ತಂದುಕೊಳ್ಳಿ. ಎದುರಿನಿಂದ ಜೀಪು, ಹಿಂದೆ ಟಿಟಿ, ಪಕ್ಕದಲ್ಲಿ ಪ್ರಪಾತ. ಆಗ ಮೇಲೆ ಒಬ್ಬರಿಗೆ ಎದೆನೋವು ಬಂದರೆ ಆಂಬುಲೆನ್ಸ್ ಹೋಗುವುದು ಎಲ್ಲಿಂದ?

ಸರ್ಕಾರಕ್ಕೂ ಇದು ಗೊತ್ತಾಗಿದೆ. ಚಿಕ್ಕಮಗಳೂರು ಜಿಲ್ಲಾಡಳಿತ 2025ರ ಸೆಪ್ಟೆಂಬರ್‌ನಿಂದ ಮುಳ್ಳಯ್ಯನಗಿರಿ, ದತ್ತಪೀಠದ ಕಡೆ ಹೋಗುವ ಗಾಡಿಗಳಿಗೆ ಆನ್‌ಲೈನ್ ಮುಂಗಡ ನೋಂದಣಿ ತಂದಿದೆ; ಬೆಳಗ್ಗೆ ಒಂದು ಪಾಳಿ, ಮಧ್ಯಾಹ್ನ ಒಂದು ಪಾಳಿ, ಪಾಳಿಗೆ 600 ಗಾಡಿ. ನೀಲಗಿರಿ ಮತ್ತು ಕೊಡೈಕೆನಾಲ್‌ಗೆ ಮದ್ರಾಸ್ ಹೈಕೋರ್ಟಿನ ಆದೇಶದಂತೆ 2024ರ ಮೇ 7ರಿಂದ ಇ-ಪಾಸ್ ಬೇಕು. ಹೊರದೇಶದವರು ಇಮೇಲ್ ವಿಳಾಸ ಕೊಟ್ಟು ಪಡೆಯಬಹುದು, ದುಡ್ಡಿಲ್ಲ. 2025ರ ಬೇಸಿಗೆಯಲ್ಲಿ ನೀಲಗಿರಿಗೆ ವಾರದ ದಿನಗಳಲ್ಲಿ 6,000, ಶನಿವಾರ ಭಾನುವಾರ 8,000 ಗಾಡಿ ಎಂಬ ಮಿತಿಯೂ ಬಂತು. 2024ರ ಜನವರಿಯಲ್ಲಿ ಗಣರಾಜ್ಯೋತ್ಸವದ ರಜೆಗೆ ಕುಮಾರ ಪರ್ವತಕ್ಕೆ ಜಾತ್ರೆಯ ಹಾಗೆ ಜನ ನುಗ್ಗಿದ ಮೇಲೆ ಅರಣ್ಯ ಇಲಾಖೆ ಚಾರಣಗಳನ್ನೂ ಮುಂಗಡ ಬುಕಿಂಗ್‌ಗೆ ಒಳಪಡಿಸಿತು. 'ಅರಣ್ಯ ವಿಹಾರ' ಎಂಬ ಜಾಲತಾಣ ಅದಕ್ಕೇ ಇರುವುದು. ಇಂಥ ಕಡೆ ಒಟಿಪಿಗೆ ಭಾರತದ ಮೊಬೈಲ್ ನಂಬರ್ ಕೇಳಬಹುದು. ಅಣ್ಣನಿಗೋ ಭಾವನಿಗೋ ಮೊದಲೇ ಹೇಳಿಟ್ಟಿರಿ. 'ಯಾರೋ ಗೊತ್ತಿರುವ ಆಫೀಸರು ಬಿಡಿಸುತ್ತಾರೆ' ಎಂದು ಮಾತ್ರ ಹೋಗಬೇಡಿ. ಮಕ್ಕಳು ನೋಡುತ್ತಿರುತ್ತಾರೆ.

ಬೇಸಿಗೆ ರಜೆಗೆ ಹೋಗುವವರಿಗೆ ಬೇರೆಯದೇ ಎಚ್ಚರಿಕೆ ಹೇಳಬೇಕು. ನಮ್ಮ ಮಕ್ಕಳಿಗೆ ಶಾಲೆ ಬಿಡುವುದು ಜೂನ್‌ನಲ್ಲಿ, ತೆರೆಯುವುದು ಆಗಸ್ಟ್‌ನಲ್ಲಿ. ಇಲ್ಲಿಯದು ಬೇಸಿಗೆ, ಅಲ್ಲಿಯದು ಮುಂಗಾರು. 2018ರ ಆಗಸ್ಟ್‌ನಲ್ಲಿ ಕೊಡಗಿನ ಬೆಟ್ಟಗಳು ಜರಿದದ್ದು, 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಕುಸಿದದ್ದು, ಅದೇ ತಿಂಗಳ 30ರಂದು ವಯನಾಡಿನ ಚೂರಲ್‌ಮಲ, ಮುಂಡಕ್ಕೈ ಕೊಚ್ಚಿಹೋದದ್ದು, ಎಲ್ಲವೂ ನಮ್ಮ ರಜೆಯ ದಿನಗಳಲ್ಲೇ. ಜಲಪಾತ ತುಂಬಿರುವುದು ಆಗಲೇ ಎನ್ನುವುದು ನಿಜ. ಆದರೆ ಹವಾಮಾನ ಇಲಾಖೆ ರೆಡ್ ಅಲರ್ಟ್ ಕೊಟ್ಟು, ಜಿಲ್ಲಾಧಿಕಾರಿ ಶಾಲೆಗಳಿಗೆ ರಜೆ ಕೊಟ್ಟ ದಿನ ಜಲಪಾತ ನೋಡುವ ದಿನವಲ್ಲ. ರೂಮಿನ ಮುಂಗಡ ಹೋದರೆ ಹೋಗಲಿ. ಅಲ್ಲಿನ ಪೊಲೀಸರು, ಅಗ್ನಿಶಾಮಕ ದಳದವರು ಅವತ್ತು ಊರಿನವರ ಕೆಲಸಕ್ಕೆ ಬೇಕು. ನಮ್ಮ ಕಾರು ಎಳೆಯುವುದಕ್ಕಲ್ಲ.

ಹಾಗಾದರೆ ಮೂರು ರಾತ್ರಿ ಒಂದೇ ಕಡೆ ಮಾಡುವುದೇನು ಎಂದು ಕೇಳುತ್ತೀರಿ. ತೀರ್ಥಹಳ್ಳಿಯ ಸುತ್ತಮುತ್ತ ಎಲ್ಲಾದರೂ ಒಂದು ಹೋಮ್‌ಸ್ಟೇ ಹಿಡಿಯಿರಿ. ಒಂದು ದಿನ ಕುಪ್ಪಳಿ: ಕುವೆಂಪು ಅವರ ಕವಿಮನೆಯ ತೊಟ್ಟಿ, ಅಟ್ಟ, ಅಡುಗೆಮನೆಯ ಪಾತ್ರೆಗಳನ್ನು ಮಕ್ಕಳು ಸಾವಕಾಶವಾಗಿ ನೋಡಲಿ, ಬಿಸಿಲು ಇಳಿದ ಮೇಲೆ ಕವಿಶೈಲಕ್ಕೆ ಹತ್ತಿ ಬಂಡೆಯ ಮೇಲೆ ಕೂತುಕೊಳ್ಳಿ. ಕವಿ ಮಲಗಿರುವುದೂ ಅಲ್ಲೇ, ಹಾಗಾಗಿ ಅಲ್ಲಿ ಸ್ಪೀಕರ್ ಬೇಡ. ಮರುದಿನ ಬೆಳಗ್ಗೆ ಕುಂದಾದ್ರಿ. ತುದಿಯವರೆಗೂ ರಸ್ತೆ ಇದೆ, ಮೇಲೆ ಪಾರ್ಶ್ವನಾಥನ ಬಸದಿ, ಬಂಡೆಯ ನಡುವೆ ಕೊಳ, ಅಜ್ಜಿಯೂ ಬರಬಹುದು. ಮಧ್ಯಾಹ್ನ ಮನೆಗೆ ಬಂದು ಮಲಗಿ. ಸಂಜೆ ಆಗುಂಬೆ. ಡಿಸೆಂಬರಿನಲ್ಲಿ ಆಕಾಶ ತಿಳಿಯಾಗಿದ್ದರೆ ಪಶ್ಚಿಮದಲ್ಲಿ ಸಮುದ್ರದ ಗೆರೆ ಕಾಣುತ್ತದೆ, ಮಳೆಗಾಲದಲ್ಲಿ ಮುಂದಿನ ತಿರುವೇ ಕಾಣುವುದಿಲ್ಲ. ಶಂಕರನಾಗ್ 'ಮಾಲ್ಗುಡಿ ಡೇಸ್' ತೆಗೆದ ಊರು ಇದೇ ಎಂದು ಮಕ್ಕಳಿಗೆ ಹೇಳಬಹುದು. ಅವರಿಗೆ ಗೊತ್ತಿರುವುದಿಲ್ಲ, ಆದರೂ ಹೇಳಿ. ಮೂರನೆಯ ದಿನ ಚಿಬ್ಬಲಗುಡ್ಡೆಯಲ್ಲಿ ತುಂಗೆಯ ಮೀನು. ಅನಂತಮೂರ್ತಿ ಹುಟ್ಟಿದ ಮೇಳಿಗೆಯೂ ಅದೇ ತಾಲ್ಲೂಕಿನಲ್ಲಿದೆ. ಇವೆಲ್ಲ ಒಂದಕ್ಕೊಂದು ಹತ್ತಿರ. ಯಾವ ಬೆಳಗ್ಗೆಯೂ ನಾಲ್ಕಕ್ಕೆ ಏಳಬೇಕಿಲ್ಲ. ಕಾಡಿನ ಅಂಚಿನಲ್ಲಿ ಓಡಾಡಿದ ದಿನ ಮಾತ್ರ ಸ್ನಾನಕ್ಕೆ ಮೊದಲು ಮಕ್ಕಳ ಮೈಯಲ್ಲಿ ಉಣುಗು ಕಚ್ಚಿದೆಯೇ ನೋಡಿ. ಉಣುಗಿನಿಂದ ಹರಡುವ ಮಂಗನ ಕಾಯಿಲೆ ಶಿವಮೊಗ್ಗ ಜಿಲ್ಲೆಯಲ್ಲೇ 1957ರಲ್ಲಿ ಪತ್ತೆಯಾದದ್ದು, ಅದರ ಕಾಲವೂ ಡಿಸೆಂಬರಿಂದಲೇ ಶುರು. ಎಲ್ಲಿಗೆ ಹೋಗಬಾರದು ಎಂದು ಹೋಮ್‌ಸ್ಟೇ ಮನೆಯವರನ್ನು ಕೇಳಿದರೆ ಹೇಳುತ್ತಾರೆ.

ಚಿಕ್ಕಮಗಳೂರು, ಕೊಡಗಿನ ಕಾಫಿ ತೋಟಗಳಲ್ಲಿ ಉಳಿಯುವವರಿಗೆ ಇನ್ನೊಂದು ಮಾತು. ಡಿಸೆಂಬರ್ ಅರೇಬಿಕಾ ಕೊಯ್ಲಿನ ಕಾಲ. ಸಂಜೆ ಆಳುಗಳು ಹಣ್ಣಿನ ಚೀಲ ಹೊತ್ತು ಕಣಕ್ಕೆ ಬರುತ್ತಾರೆ. ತೂಕವಾಗುತ್ತದೆ, ರೈಟರು ಪುಸ್ತಕದಲ್ಲಿ ಬರೆದುಕೊಳ್ಳುತ್ತಾರೆ, ಕೂಲಿ ನಿಂತಿರುವುದು ಆ ಬರಹದ ಮೇಲೆ. ಆ ಹೊತ್ತಿಗೆ ನಮ್ಮ ಗಾಡಿ ಟ್ರ್ಯಾಕ್ಟರಿನ ದಾರಿಗೆ ಅಡ್ಡ ನಿಂತಿರಬಾರದು. ಹರಡಿದ ಕಾಫಿಯ ಮೇಲೆ ಮಕ್ಕಳು ಶೂ ಹಾಕಿಕೊಂಡು ಓಡಬಾರದು. ಸಕಲೇಶಪುರ, ಆಲೂರು, ಕೊಡಗಿನ ತೋಟಗಳಿಗೆ ಕಾಡಾನೆ ಬರುತ್ತದೆ. ಮುಂಜಾನೆ, ಮುಸ್ಸಂಜೆ ವಾಕಿಂಗ್ ಹೋಗಬೇಡಿ ಎಂದು ಮನೆಯವರು ಹೇಳಿದರೆ ಅದು ನೆಪವಲ್ಲ. ಉಳಿಯುವ ಮನೆ ಪ್ರವಾಸೋದ್ಯಮ ಇಲಾಖೆಯಲ್ಲಿ ನೋಂದಾಯಿಸಿದ್ದೋ ಎಂದು ಫೋನಿನಲ್ಲೇ ವಿಚಾರಿಸಿ. ತಲೆಗೆ ಇಷ್ಟು ಎಂದು ಊಟ ಸೇರಿಸಿ ಹೇಳಿದ ಮೇಲೆ ಚೌಕಾಸಿ ಬೇಡ, ಕಡುಬು ಅಕ್ಕಿರೊಟ್ಟಿಗೆ ಹಿಂದಿನ ದಿನವೇ ಹೇಳಿ.

ರೂಮು ಬುಕ್ ಮಾಡುವಾಗ ನಾವು ವೈಫೈ ಇದೆಯೇ, ಗೀಸರ್ ಇದೆಯೇ, ವೆಸ್ಟರ್ನ್ ಕಮೋಡ್ ಇದೆಯೇ ಎಂದು ಕೇಳುತ್ತೇವೆ. ಡ್ರೈವರ್ ಎಲ್ಲಿ ಮಲಗುತ್ತಾರೆ ಎಂದು ಕೇಳುವವರು ಕಡಿಮೆ. ಸೀಟು ಹಿಂದಕ್ಕೆ ಚಾಚಿ, ಟವೆಲ್ಲು ಮುಖದ ಮೇಲೆ ಹಾಕಿಕೊಂಡು, ಸೊಳ್ಳೆಗೆ ಹೆದರಿ ಗಾಜು ಏರಿಸಿ, ಉಸಿರುಗಟ್ಟಿ ಮತ್ತೆ ಇಳಿಸಿ, ರಾತ್ರಿಯಿಡೀ ಹೊರಳಾಡಿದವರ ಕೈಗೆ ಬೆಳಗ್ಗೆ ನಮ್ಮ ಮನೆಯ ಏಳು ಜನರನ್ನು ಕೊಟ್ಟು ಘಾಟಿ ಇಳಿಯುತ್ತೇವೆ. ದಯವಿಟ್ಟು ಮೊದಲ ಫೋನಿನಲ್ಲೇ ಕೇಳಿ: ಡ್ರೈವರಿಗೆ ಹಾಸಿಗೆ, ಫ್ಯಾನು, ಬಿಸಿನೀರು, ಊಟ ಇದೆಯೇ? ಬಾಟಾ ಕೊಡುತ್ತೇವಲ್ಲ ಎನ್ನಬೇಡಿ, ಬಾಟಾದಲ್ಲಿ ಬೆಟ್ಟದ ಮೇಲೆ ರೂಮು ಸಿಗುವುದಿಲ್ಲ. ಇಲ್ಲ ಎಂದರೆ ಬೇರೆ ಮನೆ ನೋಡಿ; ಡ್ರೈವರ್ ರೂಮು ಇಟ್ಟಿರುವ ಹೋಮ್‌ಸ್ಟೇಗಳು ಬೇಕಾದಷ್ಟಿವೆ.